ಕೀಲಿನ ನೀರು, ಅದರೊಳಗಿನ ಹರಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಗೌಟ್ (ಯೂರಿಕ್ ಆಸಿಡ್ ಹರಳಾಗಿ ಕೀಲಿನಲ್ಲಿ ಕೂತು ಬರುವ ಸಂಧಿವಾತ) ಮತ್ತು ಕೀಲುನೋವಿನ ಬಗ್ಗೆ ಮಂಡ್ಯ, ಮೈಸೂರು ಕಡೆಯಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇವೆ. ಕೆಲವು ಪತ್ರ ರೋಗಿಗಳ ಮನೆಯವರದು, ಕೆಲವು ಲ್ಯಾಬಿನಲ್ಲಿ ಕೆಲಸ ಮಾಡುವವರದು. ಎರಡೂ ಕಡೆಯವರು ಕೇಳಿರುವುದು ಹೆಚ್ಚುಕಮ್ಮಿ ಒಂದನ್ನೇ: ಇದು ಯಾವ ಸಂಧಿವಾತ ಅಂತ ಖಚಿತವಾಗಿ ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಯವರಿಗೆ 58 ವರ್ಷ. ಹೋದ ವಾರ ಬೆಳಗಿನ ಜಾವ ಬಲಗಾಲಿನ ಹೆಬ್ಬೆರಳು ಉರಿಯುತ್ತೆ ಅಂತ ಎದ್ದು ಕೂತರು. ಬೆರಳ ಬುಡ ಕೆಂಪಗೆ ಊದಿತ್ತು, ಹೊದಿಕೆ ತಾಕಿದರೂ ತಡೆಯೋಕಾಗ್ತಿರಲಿಲ್ಲ. ರಕ್ತದಲ್ಲಿ ಯೂರಿಕ್ ಆಸಿಡ್ 5.9 ಬಂತು, ಅದು ನಾರ್ಮಲ್ ಅಂತೆ. ಹಾಗಾದರೆ ಗೌಟ್ ಅಲ್ಲವೆ? ಡಾಕ್ಟರು ಕೀಲಿನಿಂದ ನೀರು ತೆಗೆದು ನೋಡೋಣ ಅಂತಾರೆ. ಒಂದ್ಸಲ ನೀರು ತೆಗೆಸಿದರೆ ಮತ್ತೆ ಮತ್ತೆ ತುಂಬಿಕೊಳ್ಳುತ್ತೆ ಅಂತ ಊರಲ್ಲಿ ಹೆದರಿಸ್ತಾರೆ. ಏನು ಮಾಡೋಣ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: 5.9 ಅನ್ನುವ ಒಂದು ಸಂಖ್ಯೆ ನೋಡಿ ಗೌಟ್ ಅಲ್ಲ ಅಂತ ಬಿಟ್ಟುಬಿಡಬೇಡಿ. ನೋವು ಜೋರಾಗಿರುವ ದಿನಗಳಲ್ಲಿ ರಕ್ತದ ಯೂರಿಕ್ ಆಸಿಡ್ ಇಳಿದು ಮಾಮೂಲಿ ಮಟ್ಟದಲ್ಲೇ ಕಾಣಿಸುವುದು ಸಾಮಾನ್ಯ. ಊತ ಪೂರ್ತಿ ಇಳಿದು ಎರಡು ವಾರವಾದರೂ ಕಳೆದ ಮೇಲೆ ಮತ್ತೊಮ್ಮೆ ರಕ್ತ ಕೊಟ್ಟು ನೋಡಿದರೆ ನಿಜವಾದ ಮಟ್ಟ ಗೊತ್ತಾಗುತ್ತದೆ. ಇದಕ್ಕೆ ತಿರುಗುಮುರುಗಾದ ತಪ್ಪೂ ನಡೆಯುತ್ತದೆ. ಯೂರಿಕ್ ಆಸಿಡ್ 8 ಇದ್ದರೂ ಜೀವಮಾನದಲ್ಲಿ ಒಂದು ದಿನವೂ ಗೌಟ್ ಬಾರದವರು ಬೇಕಾದಷ್ಟು ಜನ ಇದ್ದಾರೆ. ಅಂಥವರ ಮಂಡಿ ನೋವಿಗೆಲ್ಲ ಗೌಟ್ ಮಾತ್ರೆ ಬರೆದರೆ ನೋವಿನ ನಿಜವಾದ ಕಾರಣ ಹಾಗೇ ಉಳಿದುಬಿಡುತ್ತದೆ.

ದೇಹದ ಬಿಸಿ 37 ಡಿಗ್ರಿ ಇದ್ದಾಗ ಒಂದು ಡೆಸಿಲೀಟರ್ ರಕ್ತದಲ್ಲಿ ಸುಮಾರು 6.8 ಮಿ.ಗ್ರಾಂ ಯೂರೇಟ್, ಅಂದರೆ ಯೂರಿಕ್ ಆಸಿಡಿನ ಲವಣ, ಕರಗಿರಬಲ್ಲದು. ಅದಕ್ಕಿಂತ ಹೆಚ್ಚಿನದು ತಿಂಗಳು, ವರ್ಷಗಟ್ಟಲೆ ಹಾಗೇ ಮುಂದುವರಿದರೆ ಕೀಲಿನಲ್ಲಿ ಹರಳಾಗಿ ಕೂರಬಹುದು. ಕಾಲಿನ ಬೆರಳು ದೇಹದ ಒಳಗಿಗಿಂತ ತಣ್ಣಗಿರುವುದರಿಂದ ಅಲ್ಲಿ ಕರಗುವ ಮಿತಿ ಇನ್ನೂ ಕಡಿಮೆ. ಹೆಬ್ಬೆರಳ ಬುಡವೇ ಮೊದಲು ಹಿಡಿದುಕೊಳ್ಳುವುದಕ್ಕೆ ಇದೂ ಒಂದು ಕಾರಣ. ನೋವು ತರುವುದು ಕೀಲಿನಲ್ಲಿರುವ ಆ ಹರಳು. ಅದನ್ನು ಕಣ್ಣಾರೆ ಕಂಡರೆ ರೋಗನಿರ್ಣಯ ಮುಗಿದ ಹಾಗೆ. ಗೌಟ್ ಗುರುತಿಸಲು 2015ರಲ್ಲಿ ಅಮೆರಿಕ ಮತ್ತು ಯೂರೋಪಿನ ಕೀಲುರೋಗ ತಜ್ಞರ ಸಂಘಗಳು ಸೇರಿ ಮಾಡಿದ ಮಾನದಂಡದಲ್ಲೂ, ನೋವಿರುವ ಕೀಲಿನ ನೀರಿನಲ್ಲಿ ಯೂರೇಟ್ ಹರಳು ಸಿಕ್ಕರೆ ಬೇರೆ ಅಂಕ ಲೆಕ್ಕ ಹಾಕಬೇಕಾಗಿಲ್ಲ.

ನೀರು ತೆಗೆದದ್ದರಿಂದ ನೀರು ತುಂಬುವುದಿಲ್ಲ. ಕೀಲಿನೊಳಗೆ ಉರಿಯೂತ ಇರುವತನಕ ನೀರು ಊರುತ್ತದೆ, ತೆಗೆದರೂ ಅಷ್ಟೇ, ಬಿಟ್ಟರೂ ಅಷ್ಟೇ. ತುಂಬಿಕೊಂಡಿರುವ ಮಂಡಿಯಿಂದ ಒಂದಿಷ್ಟು ತೆಗೆದರೆ ಬಿಗಿತ ಇಳಿದು ರೋಗಿಗೆ ಹಾಯೆನಿಸುತ್ತದೆ. ಹೆಬ್ಬೆರಳಿಗೆ 23 ಅಥವಾ 25 ಗೇಜಿನ ತೆಳು ಸೂಜಿ ಸಾಕು. ಸಿರಿಂಜಿಗೆ ಏನೂ ಬರದಿದ್ದರೂ ಸೂಜಿಯ ಬುಡದಲ್ಲಿ ಸಿಕ್ಕಿಕೊಂಡ ಒಂದು ಹನಿಯನ್ನು ಸ್ಲೈಡಿನ ಮೇಲೆ ಊದಿದರೆ ಹರಳು ನೋಡಲು ಬರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ. ಚುಚ್ಚುವ ಜಾಗದಲ್ಲಿ ಹುಣ್ಣೋ ಚರ್ಮದ ಸೋಂಕೋ ಇದ್ದರೆ ಅದರ ಮೂಲಕ ಸೂಜಿ ಹಾಕಬಾರದು.

ನೋವು ಈಗಾಗಲೇ ಇಳಿದಿದ್ದರೆ ಅವಕಾಶ ತಪ್ಪಿತು ಅಂದುಕೊಳ್ಳಬೇಡಿ. ಚಿಕಿತ್ಸೆ ಶುರುವಾಗದ ಗೌಟ್ ರೋಗಿಗಳಲ್ಲಿ ನೋವಿಲ್ಲದ ದಿನಗಳಲ್ಲೂ, ಹಿಂದೊಮ್ಮೆ ಊದಿದ್ದ ಕೀಲಿನಿಂದ ಹರಳು ಸಿಗುವುದುಂಟು.

ಪ್ರಶ್ನೆ: ನಮ್ಮದು ಸಣ್ಣ ಲ್ಯಾಬು. ಅಪರೂಪಕ್ಕೆ ಕೀಲಿನ ನೀರು ಬರುತ್ತೆ. ಯಾವ ಟ್ಯೂಬು ಸರಿ? ಎಷ್ಟು ಹೊತ್ತಿನೊಳಗೆ ನೋಡಬೇಕು? ಬಿಳಿ ರಕ್ತಕಣ ಎಣಿಸೋಕೆ ಡೈಲ್ಯೂಟ್ ಮಾಡಿದರೆ ಗಡ್ಡೆ ಕಟ್ಟಿಕೊಳ್ಳುತ್ತೆ, ಯಾಕೆ?
— ಲ್ಯಾಬ್ ಟೆಕ್ನೀಷಿಯನ್, ಮದ್ದೂರು

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ. ನೀವು ರಕ್ತಕ್ಕೆ ಬಳಸುವ ಡಬ್ಲ್ಯುಬಿಸಿ ಫ್ಲೂಯಿಡನ್ನೇ ಹಾಕುತ್ತಿರಬೇಕು. ಅದರಲ್ಲಿ ಅಸಿಟಿಕ್ ಆಮ್ಲ ಇದೆ. ಕೀಲಿನ ನೀರನ್ನು ಅಂಟಾಗಿಸುವ ಹಯಾಲುರೋನೇಟ್ ಎಂಬ ವಸ್ತು, ಆಮ್ಲ ತಾಗಿದ ಕೂಡಲೇ ಗಡ್ಡೆಗಟ್ಟುತ್ತದೆ, ಕಣಗಳೆಲ್ಲ ಅದರೊಳಗೆ ಸಿಕ್ಕಿಕೊಳ್ಳುತ್ತವೆ, ಎಣಿಕೆ ಸುಳ್ಳಾಗುತ್ತದೆ. 0.9 ಶೇಕಡಾ ಸಲೈನ್ ಬಳಸಿ, ಬೇಕಿದ್ದರೆ ಚೂರು ಮಿಥಿಲೀನ್ ಬ್ಲೂ ಸೇರಿಸಿ. ಎಣಿಕೆಯ ಅಂದಾಜು ಹೀಗೆ: ಒಂದು ಮೈಕ್ರೋಲೀಟರಿನಲ್ಲಿ 200ಕ್ಕಿಂತ ಕಡಿಮೆ ಇದ್ದರೆ ಸಹಜ, 2,000ದವರೆಗೆ ಸವೆತದ ಕೀಲುನೋವಿನಂಥ ಉರಿಯೂತವಿಲ್ಲದ ತೊಂದರೆ, ಅದರ ಮೇಲೆ ಉರಿಯೂತ, 50,000 ದಾಟಿದರೆ ಕೀವಿನ ಸಂಶಯ ಗಟ್ಟಿಯಾಗುತ್ತದೆ.

ಟ್ಯೂಬಿನ ವಿಷಯದಲ್ಲಿ ಎಚ್ಚರ ಬೇಕು, ಏಕೆಂದರೆ ಟ್ಯೂಬೇ ಹರಳು ಹುಟ್ಟಿಸಬಲ್ಲದು. ಸಕ್ಕರೆ ಪರೀಕ್ಷೆಯ ಬೂದು ಮುಚ್ಚಳದ ಟ್ಯೂಬಿನಲ್ಲಿ ಆಕ್ಸಲೇಟ್ ಇದ್ದರೆ ಅದು ಕ್ಯಾಲ್ಸಿಯಂ ಜೊತೆ ಸೇರಿ ಹೊಳೆಯುವ ಹರಳಾಗುತ್ತದೆ. ಹೆಪ್ಪುಗಟ್ಟದಂತೆ ಟ್ಯೂಬಿಗೆ ಹಾಕುವ ಲಿಥಿಯಂ ಹೆಪಾರಿನ್ ಕೊಡುವ ಹರಳು ಸಿಪಿಪಿಡಿಯನ್ನು, ಅಂದರೆ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಹರಳನ್ನು, ಹೋಲುತ್ತದೆ. ಅದೇ ಕೆಲಸದ ಇಡಿಟಿಎ ಪುಡಿ ರೂಪದಲ್ಲಿರುವ ಟ್ಯೂಬಿಗೆ ಎರಡೇ ಹನಿ ಹಾಕಿದರೆ ಪುಡಿ ಕರಗದೆ ಉಳಿದು ಕಣ್ಣಿಗೆ ಮೋಸ ಮಾಡುತ್ತದೆ. ಸೋಡಿಯಂ ಹೆಪಾರಿನ್ ಅಥವಾ ದ್ರವರೂಪದ ಇಡಿಟಿಎ ಸರಿ. ಹರಳಿಗೆ ಮಾತ್ರ ಕೂಡಲೇ ನೋಡುವುದಾದರೆ ಯಾವ ಟ್ಯೂಬೂ ಬೇಡ, ಸಿರಿಂಜಿನಿಂದ ನೇರ ಸ್ಲೈಡಿಗೆ. ಕಲ್ಚರಿಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಏನೂ ಸೇರಿಸದ ಸ್ಟೆರೈಲ್ ಬಾಟಲಿ, ಸಾಧ್ಯವಾದರೆ ಬ್ಲಡ್ ಕಲ್ಚರ್ ಬಾಟಲಿ. ದ್ರವ ತೀರಾ ಕಡಿಮೆ ಇದ್ದರೆ ಮೊದಲು ಕಲ್ಚರ್ ಮತ್ತು ಗ್ರಾಮ್ ಸ್ಟೈನ್ (ಬಣ್ಣ ಹಾಕಿ ಬ್ಯಾಕ್ಟೀರಿಯಾ ಹುಡುಕುವುದು), ಆಮೇಲೆ ಹರಳು, ಉಳಿದರೆ ಎಣಿಕೆ.

ಹೊತ್ತಿನ ಮಾತು: ಆದಷ್ಟು ಬೇಗ, ಆರು ಗಂಟೆ ದಾಟಿಸಬೇಡಿ. ಯೂರೇಟ್ ಗಟ್ಟಿ ಹರಳು, 4 ಡಿಗ್ರಿಯಲ್ಲಿ ಇಟ್ಟರೆ ಮಾರನೆಯ ದಿನವೂ ಸಿಗುತ್ತದೆ. ಸಿಪಿಪಿಡಿ ಹಾಗಲ್ಲ, ಇಟ್ಟಷ್ಟೂ ಅದರ ಸಂಖ್ಯೆಯೂ ಗಾತ್ರವೂ ಕುಗ್ಗುತ್ತವೆ. ಬಿಳಿಕಣ ಒಡೆಯುತ್ತವೆ, ಇಲ್ಲದ ಹೊಸ ಹರಳೂ ಹುಟ್ಟಿಕೊಳ್ಳಬಹುದು. ಬೆಳಿಗ್ಗೆ ತೆಗೆದ ನೀರು ಬಸ್ಸಿನಲ್ಲಿ ಸೆಕೆಯಲ್ಲಿ ಕೂತು ಸಂಜೆ ಮೈಸೂರು ಮುಟ್ಟಿದರೆ ಅದರಲ್ಲಿ ಯೂರೇಟ್ ಸಿಕ್ಕರೆ ನಂಬಬಹುದು, ಸಿಪಿಪಿಡಿ ಸಿಗಲಿಲ್ಲ ಅನ್ನುವ ವರದಿಯನ್ನು ನಂಬಬಾರದು.

ಸ್ಲೈಡನ್ನೂ ಕವರ್‌ಸ್ಲಿಪ್ಪನ್ನೂ ಆಲ್ಕೊಹಾಲ್‌ನಿಂದ ಒರೆಸಿ, ಎಳೆ ಬಿಡದ ಲೆನ್ಸ್ ಪೇಪರಿನಲ್ಲಿ ಒಣಗಿಸಿ. ಹತ್ತಿ ಬೇಡ, ಅದರ ಎಳೆಯೂ ಹೊಳೆಯುತ್ತದೆ. ಪುಡಿ ಹಚ್ಚಿದ ಗ್ಲೌಸೂ ಬೇಡ. 5ರಿಂದ 10 ಮೈಕ್ರೋಲೀಟರಿನ ಚಿಕ್ಕ ಹನಿ ಇಟ್ಟು ಗಾಜಿನ ಕವರ್‌ಸ್ಲಿಪ್ಪನ್ನು ಓರೆಯಾಗಿ ಇಳಿಸಿ. ಹನಿ ದೊಡ್ಡದಾದರೆ ಕವರ್‌ಸ್ಲಿಪ್ ತೇಲುತ್ತದೆ, ಕಣಗಳು ಒಂದರ ಮೇಲೊಂದು ಬಿದ್ದು ಹರಿಯುತ್ತಲೇ ಇರುತ್ತವೆ. ಪ್ಲಾಸ್ಟಿಕ್ ಕವರ್‌ಸ್ಲಿಪ್ ಖಂಡಿತ ಬೇಡ, ಹರಳು ನೋಡಲು ಬಳಸುವ ಪೋಲರೈಸ್ಡ್ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಬೆಳಕಿನಲ್ಲಿ ಪ್ಲಾಸ್ಟಿಕ್ಕೇ ಬಣ್ಣ ಬಣ್ಣವಾಗಿ ಹೊಳೆಯುತ್ತದೆ. ತಕ್ಷಣ ನೋಡಲಾಗದಿದ್ದರೆ ಅಂಚಿಗೆ ನೇಲ್ ಪಾಲಿಶ್ ಹಚ್ಚಿ ಮುಚ್ಚಿ, ಇಲ್ಲದಿದ್ದರೆ ಅಂಚು ಒಣಗಿ ಉಪ್ಪಿನ ಹರಳು ಕಟ್ಟುತ್ತದೆ. ದ್ರವ ತಿಳಿಯಾಗಿದ್ದು ಏನೂ ಕಾಣದಿದ್ದರೆ ಸೆಂಟ್ರಿಫ್ಯೂಜ್ ಮಾಡಿ ತಳದ ಗಸಿಯಿಂದ ಮತ್ತೊಂದು ಸ್ಲೈಡ್ ಮಾಡಿ.

ಪ್ರಶ್ನೆ: ಪೋಲರೈಸಿಂಗ್ ಮೈಕ್ರೋಸ್ಕೋಪಿಗೆ ಕೆಂಪು ಪ್ಲೇಟ್ ಹಾಕಿ ನೋಡಿದಾಗ ಒಂದೇ ಸ್ಲೈಡಿನಲ್ಲಿ ಕೆಲವು ಸೂಜಿಗಳು ಹಳದಿ, ಕೆಲವು ನೀಲಿ ಕಾಣುತ್ತವೆ. ಯೂರೇಟ್, ಸಿಪಿಪಿಡಿ ಎರಡೂ ಇವೆ ಎಂದು ಬರೆಯಬೇಕೆ?
— ಪೆಥಾಲಜಿ ಸ್ನಾತಕೋತ್ತರ ವಿದ್ಯಾರ್ಥಿನಿ, ಮೈಸೂರು

ಉತ್ತರ: ಬೇಡ. ಅಷ್ಟಕ್ಕೇ ಹಾಗೆ ಬರೆದರೆ ತಪ್ಪಾಗುತ್ತದೆ. ಒಂದೇ ಯೂರೇಟ್ ಸೂಜಿ ಮಲಗಿದ ದಿಕ್ಕಿನ ಪ್ರಕಾರ ಹಳದಿಯೂ ಆಗುತ್ತದೆ, ನೀಲಿಯೂ ಆಗುತ್ತದೆ. ಪ್ಲೇಟ್ ಮಾಡುವ ಕೆಲಸ ಅರ್ಥವಾದರೆ ಬಣ್ಣವನ್ನು ಬಾಯಿಪಾಠ ಮಾಡುವ ಕಷ್ಟ ತಪ್ಪುತ್ತದೆ.

ಕಂಡೆನ್ಸರ್ ಕೆಳಗೆ ಪೋಲರೈಸರ್, ಆಬ್ಜೆಕ್ಟಿವ್ ಮೇಲೆ ಅನಲೈಸರ್; ಎರಡೂ ಒಂದೇ ದಿಕ್ಕಿನ ಬೆಳಕನ್ನು ಬಿಡುವ ಫಿಲ್ಟರುಗಳು. ಎರಡನ್ನೂ ಅಡ್ಡಕ್ಕೆ ನಿಲ್ಲಿಸಿದರೆ ಕ್ಷೇತ್ರ ಪೂರ್ತಿ ಕಪ್ಪು. ಇಂಥ ಹರಳುಗಳು ಬೆಳಕನ್ನು ಎರಡಾಗಿ ಒಡೆದು, ಒಂದನ್ನು ಬೇಗ ಇನ್ನೊಂದನ್ನು ನಿಧಾನವಾಗಿ ಕಳಿಸುತ್ತವೆ. ಇದೇ ದ್ವಿವಕ್ರೀಭವನ. ಆದ್ದರಿಂದಲೇ ಕಪ್ಪಿನ ನಡುವೆ ಅವು ಬೆಳಗುತ್ತವೆ. ಕೆಂಪು ಪ್ಲೇಟ್ ಕೂಡ ಇಂಥದ್ದೇ ಒಂದು ಹರಳು, ಆ ಎರಡು ಬೆಳಕಿನ ನಡುವೆ ಸುಮಾರು 530 ನ್ಯಾನೋಮೀಟರಿನಷ್ಟು ಅಂತರ ಹುಟ್ಟಿಸುವಂತೆ ಅಳೆದು ಮಾಡಿದ್ದು. ಬಿಳಿ ಬೆಳಕಿನಿಂದ ಹಸಿರು ಕಳೆದುಹೋಗಿ ಕ್ಷೇತ್ರ ಕೆಂಗುಲಾಬಿ ಆಗುತ್ತದೆ. ಆ ಅಂತರಕ್ಕೆ ಹರಳಿನ ಅಂತರ ಕೂಡಿದರೆ ಬಣ್ಣ ನೀಲಿಗೆ, ಕಳೆದರೆ ಹಳದಿಗೆ ತಿರುಗುತ್ತದೆ. ಯೂರೇಟ್ ಸೂಜಿಯಲ್ಲಿ ವೇಗದ ಅಕ್ಷ ಉದ್ದಕ್ಕೇ ಇದೆ. ಹಾಗಾಗಿ ಪ್ಲೇಟಿನ ನಿಧಾನ ಅಕ್ಷಕ್ಕೆ ಸಮಾನಾಂತರವಾಗಿ ಮಲಗಿದಾಗ ಅಂತರ ಕಳೆಯುತ್ತದೆ, ಹಳದಿ. ಅಡ್ಡ ಮಲಗಿದಾಗ ಕೂಡುತ್ತದೆ, ನೀಲಿ. ಸಿಪಿಪಿಡಿಯಲ್ಲಿ ನಿಧಾನ ಅಕ್ಷ ಉದ್ದಕ್ಕಿರುವುದರಿಂದ ಎಲ್ಲ ತಿರುಗುಮುರುಗು. ಯೂರೇಟ್ ಉದ್ದಕ್ಕೆ ಹಳದಿ, ಅಡ್ಡಕ್ಕೆ ನೀಲಿ ಎಂಬಷ್ಟು ನೆನಪಿದ್ದರೆ ಸಾಕು.

ನಿಧಾನ ಅಕ್ಷವನ್ನು ಪ್ಲೇಟಿನ ಹಿಡಿಯ ಮೇಲೆ ಗ್ರೀಕಿನ ಗ್ಯಾಮಾ ಅಕ್ಷರದಿಂದ ಗುರುತು ಮಾಡಿರುತ್ತಾರೆ. ಬಹುಪಾಲು ಉಪಕರಣಗಳಲ್ಲಿ ಅದು ಎಡಗೆಳಗಿನಿಂದ ಬಲಮೇಲಕ್ಕೆ ಓರೆಯಾಗಿ ಇರುತ್ತದೆ. ಊಹೆಯ ಮೇಲೆ ಹೋಗದೆ, ಯೂರೇಟ್ ಎಂದು ಖಚಿತವಾಗಿರುವ ಒಂದು ಸ್ಲೈಡ್ ಇಟ್ಟುಕೊಂಡು ನಿಮ್ಮ ಮೈಕ್ರೋಸ್ಕೋಪಿನಲ್ಲಿ ನೋಡಿ ತಿಳಿಯಿರಿ. ಗೌಟ್ ಗಂಟಿನಿಂದ ಕೆರೆದ ಬಿಳಿ ಸುಣ್ಣದಂಥ ವಸ್ತುವನ್ನು ಒಣಗಿಸಿ ಡಿಪಿಎಕ್ಸ್ ಅಂಟು ಹಾಕಿ ಮುಚ್ಚಿದ ಸ್ಲೈಡ್ ವರ್ಷಗಟ್ಟಲೆ ಬಾಳುತ್ತದೆ. ಅನುಮಾನದ ಒಂದೇ ಹರಳನ್ನು ಮಧ್ಯಕ್ಕೆ ತಂದು ಸ್ಟೇಜನ್ನು 90 ಡಿಗ್ರಿ ತಿರುಗಿಸಿ. ಹಳದಿ ನೀಲಿಯಾಗಬೇಕು, ನೀಲಿ ಹಳದಿಯಾಗಬೇಕು. ಬಣ್ಣ ತಿರುಗದ್ದು ಬಹಳ ಮಟ್ಟಿಗೆ ಕಸ.

ಬಣ್ಣಕ್ಕಿಂತ ಮೊದಲು ಆಕಾರ ನೋಡಿ. ಕೀಲಿನ ನೀರಿನಲ್ಲಿ ಯೂರೇಟನ್ನು ಈ ಬಗೆಯ ಬೆಳಕಿನಿಂದ ಗುರುತಿಸುವುದನ್ನು 1961ರಲ್ಲಿ ಮೆಕಾರ್ಟಿ ಮತ್ತು ಹೊಲ್ಯಾಂಡರ್ ತೋರಿಸಿದರು. ಮರುವರ್ಷ ಮೆಕಾರ್ಟಿ ಮತ್ತು ಜೊತೆಗಾರರು ಗೌಟಿನಂತೆಯೇ ಕಾಡುವ ಇನ್ನೊಂದು ಕಾಯಿಲೆಯಲ್ಲಿ ಪೈರೋಫಾಸ್ಫೇಟ್ ಹರಳನ್ನು ಕಂಡರು. ಆಗಿನಿಂದ ಬಣ್ಣದ ಮೇಲೆಯೇ ಎಲ್ಲರ ಕಣ್ಣು. ಆದರೆ ಸಿಪಿಪಿಡಿ ವಿಷಯದಲ್ಲಿ ಬಣ್ಣ ಕೈಕೊಡುತ್ತದೆ. ಅದರ ಹೊಳಪು ಮಂದ, ಎಷ್ಟೋ ಹರಳು ಹೊಳೆಯುವುದೇ ಇಲ್ಲ. ಪೋಲರೈಸರ್ ಹಾಕಿಕೊಂಡೇ ಹುಡುಕಲು ಶುರುಮಾಡಿದವರಿಗೆ ಸಿಪಿಪಿಡಿ ತಪ್ಪಿಹೋಗುವುದು ಇಲ್ಲಿಯೇ.

ಆದ್ದರಿಂದ ನಮ್ಮ ಸಲಹೆ: ಮೊದಲು ಮಾಮೂಲಿ ಬೆಳಕು, 400 ಪಟ್ಟು, ಐರಿಸ್ (ಬೆಳಕಿನ ಕಿಂಡಿ) ಕಿರಿದು ಮಾಡಿ ಬಿಳಿಕಣಗಳ ಒಳಗೇ ಹುಡುಕಿ. ಕೋಶದ ಗುಳ್ಳೆಯೊಳಗೆ ಪುಟ್ಟ ಕಡ್ಡಿಯೋ ಓರೆಚೌಕವೋ ಕುಳಿತಿದ್ದರೆ ಸಿಪಿಪಿಡಿ ಇರಬಹುದು. ಕೋಶವನ್ನು ಚುಚ್ಚಿ ಎರಡೂ ಕಡೆ ಹೊರಬಂದ ಉದ್ದ ಸೂಜಿ ಯೂರೇಟಿನ ಲಕ್ಷಣ. ಎರಡೂ ಸಾಮಾನ್ಯವಾಗಿ 20 ಮೈಕ್ರಾನ್ ಒಳಗೇ. ಬಳಿಕ ಐರಿಸ್ ಪೂರ್ತಿ ತೆರೆದು, ಪೋಲರೈಸರುಗಳನ್ನು ಅಡ್ಡ ಹಾಕಿ: ಯೂರೇಟ್ ಕಣ್ಣು ಕುಕ್ಕುವಂತೆ ಹೊಳೆಯುತ್ತದೆ. ಸ್ಟೇಜ್ ತಿರುಗಿಸುತ್ತ ಹೋದರೆ ಪೋಲರೈಸರಿನ ದಿಕ್ಕಿಗೆ ಉದ್ದಕ್ಕೆ ಬಂದಾಗ ನೇರವಾಗಿ ಆರುತ್ತದೆ. ಸಿಪಿಪಿಡಿ ಓರೆಯಾಗಿರುವಾಗ ಆರುತ್ತದೆ. ಕೆಂಪು ಪ್ಲೇಟ್ ಕೊನೆಗೆ. ಫೈಬ್ರಿನ್ ಮುದ್ದೆಯ ಅಂಚನ್ನೂ ಬಿಡದೆ, 30 ಕ್ಷೇತ್ರವಾದರೂ ನೋಡದೆ 'ಹರಳಿಲ್ಲ' ಎಂದು ಬರೆಯಬೇಡಿ.

ಮೋಸ ಮಾಡುವವು: ಗ್ಲೌಸಿನ ಪಿಷ್ಟ ಮತ್ತು ಕೊಬ್ಬಿನ ಗೋಲಿಗಳು ನಾಲ್ಕು ದಳದ ಶಿಲುಬೆಯಂತೆ ಕಾಣುತ್ತವೆ. ಕೊಲೆಸ್ಟ್ರಾಲ್ ದೊಡ್ಡ ಚಪ್ಪಟೆ ಹಲಗೆ, ಮೂಲೆ ಕಚ್ಚು ಹೋಗಿರುತ್ತದೆ. ಎಲ್ಲಕ್ಕಿಂತ ಅಪಾಯಕಾರಿ ಎಂದರೆ ಕೀಲಿಗೆ ಹಾಕಿದ ಸ್ಟಿರಾಯ್ಡ್ ಇಂಜೆಕ್ಷನ್. ಬೀಟಾಮೆಥಸೋನ್ ಅಸಿಟೇಟಿನ ಕಡ್ಡಿಗಳು ಯೂರೇಟಿನ ಹಾಗೆಯೇ ಬಣ್ಣ ತಿರುಗಿಸುತ್ತವೆ. ಈಚೆಗೆ ಕೀಲಿಗೆ ಇಂಜೆಕ್ಷನ್ ಆಗಿದೆಯೇ ಎಂದು ಕೋರಿಕೆ ಚೀಟಿಯಲ್ಲಿ ಕೇಳುವುದು ಕಡ್ಡಾಯವಾಗಬೇಕು ಎಂಬುದು ನಮ್ಮ ಒತ್ತಾಯ.

ಪ್ರಶ್ನೆ: ಪೋಲರೈಸಿಂಗ್ ಮೈಕ್ರೋಸ್ಕೋಪ್ ಕೊಳ್ಳುವ ಶಕ್ತಿ ನಮಗಿಲ್ಲ. ಇರುವ ಮೈಕ್ರೋಸ್ಕೋಪಿನಲ್ಲೇ ಏನಾದರೂ ಮಾಡಬಹುದಾ?
— ಲ್ಯಾಬ್ ಮಾಲೀಕರು, ಮಳವಳ್ಳಿ

ಉತ್ತರ: ಮಾಡಬಹುದು, ಯೂರೇಟಿನ ಮಟ್ಟಿಗೆ ಧೈರ್ಯವಾಗಿ. ಲೀನಿಯರ್ ಪೋಲರೈಸಿಂಗ್ ಫಿಲ್ಮ್ ಒಂದು ಚೂರು ತರಿಸಿ. ಚಿತ್ರಮಂದಿರದ ತ್ರೀಡಿ ಕನ್ನಡಕದ ಫಿಲ್ಮ್ ಬಹಳ ಸಲ ವೃತ್ತೀಯ ಬಗೆಯದು, ಅಡ್ಡ ಇಟ್ಟರೂ ಕಪ್ಪಾಗುವುದಿಲ್ಲ. ಕ್ಯಾಮೆರಾ ಫಿಲ್ಟರಿನಲ್ಲೂ ಇದೇ ತೊಡಕು. ಒಂದು ಚೂರನ್ನು ಕೆಳಗೆ ಬೆಳಕು ಹೊರಬರುವ ಗಾಜಿನ ಮೇಲಿಡಿ, ಇನ್ನೊಂದನ್ನು ತಲೆಭಾಗ ಬಿಚ್ಚಿ ಆಬ್ಜೆಕ್ಟಿವ್ ಮತ್ತು ಐಪೀಸಿನ ನಡುವೆ ಕೂರಿಸಿ. ಕೆಳಗಿನದನ್ನು ತಿರುಗಿಸುತ್ತ ಕ್ಷೇತ್ರ ಅತಿ ಕಪ್ಪಾಗುವಲ್ಲಿ ನಿಲ್ಲಿಸಿ. ದೀಪ ಪೂರ್ತಿ ಏರಿಸಬೇಕಾಗುತ್ತದೆ.

ಕೆಂಪು ಪ್ಲೇಟಿನ ಬದಲು ಸ್ಲೈಡಿಗೆ ಪಾರದರ್ಶಕ ಸೆಲೊಫೇನ್ ಟೇಪ್ ಅಂಟಿಸುವ ಉಪಾಯ 1970ರ ದಶಕದಿಂದಲೇ ಇದೆ. ಆಗ ಎರಡು ಪದರ ಸಾಕಾಗುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವ ಟೇಪು ಬೇರೆ ಪ್ಲಾಸ್ಟಿಕ್ಕಿನದಾದ್ದರಿಂದ ಪದರದ ಲೆಕ್ಕ ಬದಲಾಗುತ್ತದೆ. ಒಂದೊಂದೇ ಪದರ ಒಂದೇ ದಿಕ್ಕಿನಲ್ಲಿ ಅಂಟಿಸಿ, ಕೆಳಗಿನ ಫಿಲ್ಮಿನ ಮೇಲೆ 45 ಡಿಗ್ರಿ ಓರೆಯಾಗಿಟ್ಟು, ಕ್ಷೇತ್ರ ಕೆಂಗುಲಾಬಿಗೆ ಬರುವತನಕ ಪ್ರಯತ್ನಿಸಿ. ನಿಧಾನ ಅಕ್ಷ ಯಾವುದೆಂದು ಟೇಪಿನ ಮೇಲೆ ಬರೆದಿರುವುದಿಲ್ಲ. ಗೊತ್ತಿರುವ ಯೂರೇಟ್ ಸ್ಲೈಡ್ ಇಟ್ಟು, ಸೂಜಿ ಹಳದಿಯಾದ ದಿಕ್ಕಿಗೆ ಬಾಣದ ಗುರುತು ಹಾಕಿ. ಟೇಪ್ ಬದಲಿಸಿದಾಗೆಲ್ಲ ಇದನ್ನು ಮತ್ತೆ ಮಾಡಬೇಕು.

ಆಕಾರ, ಹೊಳಪು, ಬಣ್ಣ ಮೂರೂ ಕೂಡಿಬರದಿದ್ದರೆ ವರದಿ ಕೊಡಬೇಡಿ. ಮೈಸೂರು, ಮಂಡ್ಯದ ವೈದ್ಯಕೀಯ ಕಾಲೇಜುಗಳ ಪೆಥಾಲಜಿ ವಿಭಾಗಕ್ಕೆ ಫೋನ್ ಮಾಡಿ ಈ ಪರೀಕ್ಷೆ ಮಾಡುತ್ತಾರೆಯೇ ಎಂದು ಕೇಳಿ, ಅಂದೇ ಕಳಿಸಿ.

ಪ್ರಶ್ನೆ: ಅಮ್ಮನ ಮಂಡಿ ನೀರಿನಲ್ಲಿ ಹರಳು ಸಿಕ್ಕಿದೆ ಅಂತ ರಿಪೋರ್ಟ್ ಬಂತು. ಆದರೂ ಡಾಕ್ಟರು ಆಸ್ಪತ್ರೆಗೆ ಸೇರಿಸಿಕೊಂಡು ಆಂಟಿಬಯಾಟಿಕ್ ಹಾಕಿದ್ದಾರೆ. ಸುಮ್ಮನೆ ಬಿಲ್ ಏರಿಸ್ತಿದ್ದಾರಾ?
— ಓದುಗರು, ಕೆ.ಆರ್. ಪೇಟೆ

ಉತ್ತರ: ಇಲ್ಲ, ಅವರು ಮಾಡಿದ್ದು ಸರಿ. ಹರಳು ಸಿಕ್ಕ ಮಾತ್ರಕ್ಕೆ ಸೋಂಕು ಇಲ್ಲವೆಂದು ಆಗುವುದಿಲ್ಲ. ಎರಡೂ ಒಂದೇ ಮಂಡಿಯಲ್ಲಿ ಇರಬಹುದು. ಕೀವು ತುಂಬಿದ ಕೀಲನ್ನು ಕೆಲವು ದಿನ ಅಲಕ್ಷ್ಯ ಮಾಡಿದರೂ ಮೃದ್ವಸ್ಥಿ ತಿಂದುಹೋಗುತ್ತದೆ, ಅದು ಮತ್ತೆ ಬೆಳೆಯುವುದಿಲ್ಲ. ಗ್ರಾಮ್ ಸ್ಟೈನಿನಲ್ಲಿ ಬ್ಯಾಕ್ಟೀರಿಯಾ ಕಾಣದಿದ್ದರೂ ಸೋಂಕು ಇರಬಹುದು. ಜ್ವರ, ಸಕ್ಕರೆ ಕಾಯಿಲೆ, ಬಿಳಿಕಣ 50,000 ಮೇಲೆ, ಹಿಂದೆ ಆ ಕೀಲಿಗೆ ಆಪರೇಷನ್ ಇವುಗಳಲ್ಲಿ ಯಾವುದಿದ್ದರೂ ಕಲ್ಚರ್ ಫಲಿತಾಂಶ ಬರುವತನಕ ಔಷಧಿ ನಡೆಯಬೇಕು. ನೀವು ಕೇಳಬೇಕಾದ ಪ್ರಶ್ನೆ ಇಷ್ಟೇ: ಆಂಟಿಬಯಾಟಿಕ್ ಶುರುಮಾಡುವ ಮೊದಲೇ ನೀರು ಕಲ್ಚರಿಗೆ ಹೋಗಿತ್ತೇ? ವಾರಗಟ್ಟಲೆಯಿಂದ ಒಂದೇ ಮಂಡಿ ಊದಿದ್ದರೆ ಕ್ಷಯದ ಪರೀಕ್ಷೆಯನ್ನೂ ಮಾಡಿಸಿದ್ದಾರೆಯೇ ಎಂದು ವಿಚಾರಿಸಿ.

ಅಮ್ಮನವರದು ಸಿಪಿಪಿಡಿ ಹರಳಾಗಿದ್ದು ವಯಸ್ಸು 60ರ ಒಳಗಿದ್ದರೆ ರಕ್ತದಲ್ಲಿ ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್, ಮೆಗ್ನೀಸಿಯಂ, ಕಬ್ಬಿಣದ ಅಂಶ ನೋಡಿಸಿ. ವಯಸ್ಸಾದವರಲ್ಲಿ ಅದು ಹೆಚ್ಚಾಗಿ ವಯಸ್ಸಿನದೇ.

ಪ್ರಶ್ನೆ: ಗೌಟ್ ಅಂತ ಖಚಿತವಾಗಿದೆ. ಆಲೆಮನೆ ಕೆಲಸ, ದಿನಾ ಕಬ್ಬಿನ ಹಾಲು ಕುಡಿಯೋ ಅಭ್ಯಾಸ. ಬಿಡಬೇಕಾ? ಹರಳು ಕರಗುತ್ತಾ?
— ಓದುಗರು, ಪಾಂಡವಪುರ

ಉತ್ತರ: ಕಬ್ಬಿನ ಹಾಲು ಬಿಡಿ. ಅದರ ಸಕ್ಕರೆ ಒಡೆದಾಗ ಅರ್ಧ ಫ್ರಕ್ಟೋಸ್, ಫ್ರಕ್ಟೋಸ್ ಯೂರಿಕ್ ಆಸಿಡ್ ಏರಿಸುತ್ತದೆ. ಬಿಯರು, ತಲೆಮಾಂಸ, ಲಿವರು ಕೂಡ. ರಾಗಿ ಮುದ್ದೆಗೆ ಅಡ್ಡಿಯಿಲ್ಲ. ಆದರೆ ಪಥ್ಯ ಒಂದರಿಂದಲೇ ಸಾಮಾನ್ಯವಾಗಿ ಸಾಲುವುದಿಲ್ಲ. ಅಲೋಪ್ಯೂರಿನಾಲ್ ದಿನಕ್ಕೆ 100 ಮಿ.ಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಶುರುಮಾಡಿ, ಯೂರಿಕ್ ಆಸಿಡ್ 6ರ ಕೆಳಗೆ ಬರುವತನಕ ಡಾಕ್ಟರು ಏರಿಸುತ್ತಾರೆ. ಮೈಮೇಲೆ ದದ್ದು ಎದ್ದರೆ ಮಾತ್ರೆ ನಿಲ್ಲಿಸಿ ಆ ದಿನವೇ ಡಾಕ್ಟರನ್ನು ಕಾಣಿ. ಮೊದಲ ತಿಂಗಳುಗಳಲ್ಲಿ ಹರಳು ಸಡಿಲವಾಗುವಾಗ ನೋವು ಮರುಕಳಿಸಬಹುದು. ಅದನ್ನು ತಡೆಯಲು 3ರಿಂದ 6 ತಿಂಗಳು ಕಡಿಮೆ ಪ್ರಮಾಣದ ಕಾಲ್ಚಿಸಿನ್ ಕೊಡುತ್ತಾರೆ. ನೋವು ಬಂತೆಂದು ಅಲೋಪ್ಯೂರಿನಾಲ್ ನಿಲ್ಲಿಸಬೇಡಿ. ಮಟ್ಟ ಕೆಳಗೇ ಉಳಿದರೆ ಹರಳು ತಿಂಗಳುಗಳಲ್ಲಿ, ಹಳೆಯ ಗಂಟಾದರೆ ವರ್ಷಗಳಲ್ಲಿ ಕರಗುತ್ತದೆ.

ಪ್ರಶ್ನೆ: ಮೊಣಕೈ ಗಂಟು ತೆಗೆದು ಬಯಾಪ್ಸಿಗೆ ಕಳಿಸಿದೆವು. ಗೌಟ್ ಅಂತ ಅನುಮಾನವಿತ್ತು, ರಿಪೋರ್ಟಿನಲ್ಲಿ 'ಹರಳು ಕಾಣಲಿಲ್ಲ' ಅಂತ ಬಂದಿದೆ.
— ಆಪರೇಷನ್ ಥಿಯೇಟರ್ ಸಿಬ್ಬಂದಿ, ಮಂಡ್ಯ

ಉತ್ತರ: ಫಾರ್ಮಲಿನ್‌ನಲ್ಲಿ ಹಾಕಿ ಕಳಿಸಿದ್ದಿರಬೇಕು. ಫಾರ್ಮಲಿನ್ ನೀರಿನ ದ್ರಾವಣ, ಯೂರೇಟ್ ಅದರಲ್ಲಿ ಕರಗಿಹೋಗುತ್ತದೆ, ಹರಳಿದ್ದ ಜಾಗ ಖಾಲಿಯಾಗಿ ಕಾಣುತ್ತದೆ. ಆ ಖಾಲಿ ಜಾಗದ ಸುತ್ತ ದೈತ್ಯ ಕೋಶಗಳು ಕಂಡಿವೆಯೇ ಎಂದು ಪೆಥಾಲಜಿಸ್ಟರನ್ನು ಕೇಳಿ. ಕಂಡಿದ್ದರೆ ಗೌಟಿನ ಸುಳಿವು ಇನ್ನೂ ಉಳಿದಿದೆ. ಮುಂದಿನ ಸಲ ಗಂಟು ಕೊಯ್ದ ಕೂಡಲೇ ಒಳಗಿನ ಬಿಳಿ ವಸ್ತುವನ್ನು ಒಂದು ಸ್ಲೈಡಿಗೆ ಸವರಿ ಒಣಗಿಸಿಡಿ. ಅಂಗಾಂಶದ ಒಂದು ಚೂರನ್ನು ನೀರು ಬೆರೆಸದ ಆಲ್ಕೊಹಾಲ್‌ನಲ್ಲಿ ಹಾಕಿ, ಡಬ್ಬಿಯ ಮೇಲೆ 'ಆಲ್ಕೊಹಾಲ್‌ನಲ್ಲಿದೆ, ಯೂರೇಟ್ ನೋಡಿ' ಎಂದು ದೊಡ್ಡದಾಗಿ ಬರೆದು ಕಳಿಸಿ.